ಹೇಳಿದ್ದಕ್ಕೆಲ್ಲ ರಕ್ಷಣೆ

೪ ಫೆಬ್ರವರಿ

ನನ್ನ ಮಗಳಿಗೆ ಆಶೀರ್ವಾದ.

ಫೋನಿನಲ್ಲಿಯೇ ಹೇಳಬಹುದಾಗಿದ್ದ ಸುದ್ದಿ ಇದು. ಆದರೆ ಮುಖ್ಯ ವಿಷಯವನ್ನು ಬರೆದೇ ತಿಳಿಸಬೇಕೆಂಬುದು ನನ್ನ ಹಳೆಯ ಪದ್ಧತಿಯೆಂದು ನೀನು ಬಲ್ಲೆ.

ನಿನ್ನೆ ನ್ಯಾಯಾಲಯವು ನನಗೆ ಕ್ಷಮಾದಾನ ನೀಡಿತು. ಆಸ್ಪತ್ರೆಯ ಲಿಫ್ಟಿನ ಮೊಕದ್ದಮೆಯಲ್ಲಿ ಇನ್ನು ನಾನು ಮೂರನೆಯ ಆರೋಪಿಯಲ್ಲ, ಸರ್ಕಾರದ ಪರ ಸಾಕ್ಷಿ. ಜನರು ಇದಕ್ಕೆ ‘ಮಾಫಿ ಸಾಕ್ಷಿ’ ಎನ್ನುತ್ತಾರೆ. ಆ ಮಾತು ನನಗೆ ಹಿಡಿಸದಿದ್ದರೂ ಅದರ ಫಲವನ್ನು ಬೇಡವೆನ್ನುವ ಸ್ಥಿತಿಯಲ್ಲಿ ನಾನಿಲ್ಲ. ಷರತ್ತು ಒಂದೇ: ನನಗೆ ತಿಳಿದಿರುವುದನ್ನೆಲ್ಲ ಮುಚ್ಚುಮರೆಯಿಲ್ಲದೆ ನ್ಯಾಯಾಲಯದ ಮುಂದೆ ಹೇಳಬೇಕು. ಹೇಳಿದರೆ, ಅಕ್ಟೋಬರಿನಲ್ಲಿ ಆದ ಆ ಸಾವಿಗಾಗಿ ನನ್ನನ್ನು ಯಾರೂ ಎಂದೂ ಶಿಕ್ಷಿಸುವಂತಿಲ್ಲ.

ಬರೆದುಕೊಟ್ಟ ಹೇಳಿಕೆಯಲ್ಲಿ ಕಾರ್ಡುಗಳ ವಿಷಯವನ್ನು ಒಪ್ಪಿಕೊಂಡಿದ್ದೇನೆ. ಲಿಫ್ಟ್ ಇನ್‌ಸ್ಪೆಕ್ಟರಾದವನು ಮೂರು ತಿಂಗಳಿಗೊಮ್ಮೆ ಲಿಫ್ಟನ್ನು ಪರೀಕ್ಷಿಸಿ, ಮಾಳಿಗೆಯ ಮೋಟಾರು ಕೋಣೆಯಲ್ಲಿ ನಿಂತು, ಅಲ್ಲಿಯೇ ಕಾರ್ಡು ಬರೆದು ತೂಗುಹಾಕಬೇಕೆಂಬುದು ನಿಯಮ. ಆ ಕೋಣೆಯ ಜಿಡ್ಡಿನಲ್ಲಿ, ಮೊಣಕಾಲಿನ ಮೇಲೆ ಹಲಗೆಯಿಟ್ಟು ಬರೆದ ಅಕ್ಷರ ಅಕ್ಷರವಾಗಿರುತ್ತಿರಲಿಲ್ಲ. ಆದಕಾರಣ ನಾನು ಪ್ರತಿ ಜನವರಿಯಲ್ಲಿ ನನ್ನ ಮೇಜಿನ ಮೇಲೆಯೇ ಇಡೀ ವರ್ಷದ ನಾಲ್ಕು ಕಾರ್ಡುಗಳನ್ನೂ ಶುದ್ಧವಾಗಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿಡುತ್ತಿದ್ದೆ. ಮೆಕ್ಯಾನಿಕ್ ಆಯಾ ಸಮಯಕ್ಕೆ ಅವನ್ನು ತೂಗುಹಾಕುತ್ತಿದ್ದ. ದೋಷ ಕಂಡರೆ ಆತ ನನಗೆ ತಿಳಿಸುವನೆಂಬ ನಂಬಿಕೆಯಿತ್ತು. ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗ ಸವೆದದ್ದನ್ನು ಆತ ತಿಳಿಸಲಿಲ್ಲವೆಂದು ಹೇಳಿಕೆಯಲ್ಲಿದೆ.

ಆಸ್ಪತ್ರೆಯ ವ್ಯವಸ್ಥಾಪಕನ ಮೇಲಿನ ಆರೋಪ ಬೇರೆ. ಆರು ಮೂಟೆ ಬಟ್ಟೆ ಹೊರುವ ಲಿಫ್ಟಿನಲ್ಲಿ ಹನ್ನೆರಡು ಮೂಟೆ ತುಂಬಿಸಿ, ಮೇಲೆ ಒಗೆಯುವ ಹೆಂಗಸನ್ನೂ ಹತ್ತಿಸುತ್ತಿದ್ದನಂತೆ; ಸತ್ತವಳು ಅವಳೇ. ಸರ್ಕಾರಿ ವಕೀಲರ ಗುರಿ ಅವನೇ. ಆದೇಶವಾದ ಮೇಲೆ ಅವರು ನನ್ನ ಹೆಗಲು ತಟ್ಟಿ, “ಸಾಹೇಬ್ರೇ, ಇವತ್ತಿಂದ ನೀವು ಛತ್ರಿ ಕೆಳಗೆ. ನೆನೆಯೋದೇನಿದ್ರೂ ಬೇರೆಯವರು” ಎಂದು ನಕ್ಕರು.

ಮೆಕ್ಯಾನಿಕ್‌ಗೆ ಜಾಮೀನು ಸಿಕ್ಕಿಲ್ಲ. ವಿಚಾರಣೆ ಮೇ ತಿಂಗಳಿನಲ್ಲಿ. ಕಚೇರಿಯ ಅಮಾನತು ಇನ್ನೂ ತೆರವಾಗಿಲ್ಲವಾದರೂ ಆಗುವ ನಿರೀಕ್ಷೆಯಿದೆ. ನೀನು ಚಿಂತೆ ಬಿಡು.

ನಿನ್ನ ಅಪ್ಪ


೧೫ ಫೆಬ್ರವರಿ

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದದ ಮೊದಲ ಪುಟವನ್ನು ಓದಿ ಔಷಧಾಲಯದ ಒಳಕೋಣೆಗೆ ಹೋಗಿ ಅತ್ತೆ. ನಾಲ್ಕು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಅಳು. ನೀವು ಜೈಲಿಗೆ ಹೋಗುವುದಿಲ್ಲ. ಅಷ್ಟನ್ನೇ ಹತ್ತು ಸಲ ಹೇಳಿಕೊಂಡೆ.

ಮನೆಗೆ ಬಂದು ಎರಡನೆಯ ಪುಟವನ್ನು ಓದಿದೆ.

ಅಪ್ಪ, ನಿಮ್ಮ ‘ಮೆಕ್ಯಾನಿಕ್’, ನಮ್ಮ ಗ್ರೀಸ್ ಮಾಮ, ತಿಳಿಸಲಿಲ್ಲವೆಂದು ಬರೆದಿದ್ದೀರಿ. ಅಕ್ಟೋಬರ್ ನಾಲ್ಕರಂದು ನಾನು ಮಗುವನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದೆನಲ್ಲವೇ? ಮಾಮ ಬೆಳಿಗ್ಗೆಯೇ ಬಂದ. ಕೈಯೆಲ್ಲ ಗ್ರೀಸು ಎಂದು ನೀರಿನ ಲೋಟವನ್ನು ತಾನು ಮುಟ್ಟದೆ, “ಪುಟ್ಟಮ್ಮ, ಮೇಲಿಂದ ಹುಯ್ದುಬಿಡವ್ವ” ಎಂದು ಬಾಯಿ ತೆರೆದು ನಿಂತ. ಮಗು ಅದನ್ನು ನೋಡಿ ಕೇಕೆ ಹಾಕಿತು. ಆಮೇಲೆ ಅವನು ನಿಮಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ಸಾಹೇಬ್ರೇ, ಆಸ್ಪತ್ರೇಲಿ ಬಟ್ಟೆ ಒಗೆಯೋ ಕಡೆ ಲಿಫ್ಟಿದೆಯಲ್ಲ, ಅದರ ಹಗ್ಗ ಕೂದಲು ಬಿಟ್ಟಿದೆ. ಕೈಯಾಡಿಸಿದ್ರೆ ಚುಚ್ಚುತ್ತೆ. ಬ್ರೇಕೂ ಹಿಡೀತಿಲ್ಲ. ಒಂದ್ಸಲ ಬಂದು ನೋಡಿ, ನಿಲ್ಲಿಸೋಕೆ ಒಂದು ಆರ್ಡರ್ ಕೊಟ್ಬಿಡಿ.”

“ಈ ಸಲದ ಕಾರ್ಡು ಹಾಕಿದೆಯೇನಯ್ಯಾ?”

“ಹಾಕಿಲ್ಲ. ಮನಸ್ಸು ಬರ್ಲಿಲ್ಲ. ಅದರಲ್ಲಿ ‘ಹಗ್ಗ ಉತ್ತಮ’ ಅಂತಿದೆಯಲ್ಲ.”

“ಇದ್ದರೆ ಇರಲಿ, ಹಾಕು. ಜನವರಿಯಲ್ಲಿ ಹೊಸದು ಬರೆಯುವಾಗ ಹಗ್ಗದ ವಿಷಯ ಸೇರಿಸೋಣ. ಬರೆದದ್ದನ್ನು ಹೊಡೆದು ತಿದ್ದಿದರೆ ಅಸಹ್ಯವಾಗಿ ಕಾಣುತ್ತದೆ.”

“ಹಾಗಾದ್ರೆ ಹಗ್ಗಕ್ಕೂ ಜನವರಿ ತನಕ ತಡ್ಕೋ ಅಂತ ಹೇಳ್ಬಿಡ್ತೀನಿ” ಎಂದು ಅವನು ನಕ್ಕ. ನೀವೂ ನಕ್ಕಿರಿ. ನಾನೂ ನಕ್ಕೆ, ಅಪ್ಪ.

ಹನ್ನೆರಡು ದಿನಕ್ಕೆ ಹಗ್ಗ ತುಂಡಾಯಿತು.

ಹೇಳಿಕೆ ಬರೆಸುವ ಗಾಬರಿಯಲ್ಲಿ ಇದು ನಿಮಗೆ ಮರೆತುಹೋಗಿರಬಹುದು. ಹಾಗೆಯೇ ಆಗಿರಲಿ ಎಂದು ನನ್ನ ಆಸೆ. ನೆನಪಾಗಿದೆಯೆಂದು ಒಂದು ಸಾಲು ಬರೆಯಿರಿ.

ನಿಮ್ಮ ಪುಟ್ಟಿ


೨ ಮಾರ್ಚ್

ಮಗಳೇ,

ನಿನ್ನ ಕಾಗದ ತಲುಪಿತು. ಮಗುವಿಗೆ ಜ್ವರವೆಂದು ಫೋನಿನಲ್ಲಿ ಅಮ್ಮನಿಗೆ ಹೇಳಿದೆಯಂತೆ. ಹಲ್ಲು ಬರುವಾಗ ಅದು ಸಹಜ; ನೀನೇ ಔಷಧ ಕೊಡುವವಳು, ನಿನಗೆ ನಾನು ಹೇಳುವುದೇನಿದೆ.

ನೀನು ಬರೆದ ವಿಷಯಕ್ಕೆ ಬರುತ್ತೇನೆ. ಆ ದಿನ ಮೆಕ್ಯಾನಿಕ್ ಮನೆಗೆ ಬಂದದ್ದು ನಿಜ. ಆತ ಹತ್ತಾರು ಲಿಫ್ಟುಗಳ ವಿಷಯವನ್ನು ಹೀಗೆಯೇ ಬಂದು ಹರಟುತ್ತಿದ್ದ. ಇಲಾಖೆಯ ನಿಯಮದ ಪ್ರಕಾರ ದೋಷವನ್ನು ತಿಳಿಸುವುದೆಂದರೆ ನಿಗದಿಯಾದ ನಮೂನೆಯಲ್ಲಿ ಬರೆದು, ಸಹಿ ಹಾಕಿ, ಕಚೇರಿಗೆ ಸಲ್ಲಿಸುವುದು. ಜಗಲಿಯ ಮೇಲೆ ನೀರು ಕುಡಿಯುತ್ತ ಆಡಿದ ಮಾತು ವರದಿಯಾಗುವುದಿಲ್ಲ. ಈ ಅರ್ಥದಲ್ಲಿ ‘ತಿಳಿಸಲಿಲ್ಲ’ ಎಂಬ ಹೇಳಿಕೆಯಲ್ಲಿ ದೋಷವಿಲ್ಲ.

ಹೇಳಿಕೆಯನ್ನು ನಾಲ್ಕು ಸಲ ಓದಿಯೇ ಸಹಿ ಮಾಡಿದ್ದೇನೆ. ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದವನಿಗೆ ಒಂದು ವಾಕ್ಯದ ಭಾರ ತಿಳಿಯದೆಂದು ಭಾವಿಸಬೇಡ. ಈ ವಿಷಯ ಇಲ್ಲಿಗೆ ಸಾಕು.

ನಿನ್ನ ಅಪ್ಪ

ಪುಟ್ಟಿ, ಇದು ಅಮ್ಮ ಬರೀತಿರೋದು. ಲಕೋಟೆ ಅಂಟಿಸೋಕೆ ನನ್ನ ಕೈಗೆ ಕೊಟ್ಟಿದ್ದಾರೆ. ನಿಮ್ಮಪ್ಪ ಇದನ್ನ ಮೂರು ಸಲ ಬರೆದು ಹರಿದ್ರು. ಒಂದಕ್ಷರ ತಿದ್ದದೆ ಬರೆಯೋ ಮನುಷ್ಯ. ಅವತ್ತು ನಾನು ಅಡುಗೆಮನೇಲೇ ಇದ್ದೆ, ಬಾಗಿಲೂ ತೆಗೆದೇ ಇತ್ತು. ಯಾರೂ ನನ್ನ ಕೇಳಿಲ್ಲ. ಕೇಳದೇ ಇದ್ರೆ ಸಾಕು ಅಂತ ದಿನಾ ಅಂದ್ಕೊಳ್ತೀನಿ. ಮಗು ಹೊಟ್ಟೆ ಮೇಲೆ ಬೆಚ್ಚಗೆ ಹೊದಿಸು.


೨೦ ಮಾರ್ಚ್

ಅಪ್ಪನಿಗೆ ನಮಸ್ಕಾರ.

ಇಲ್ಲಿಗೆ ಮಂಡಿನೋವಿನ ಮಾತ್ರೆಗೆ ಬರುವ ಒಬ್ಬರು ಹಿರಿಯ ವಕೀಲರಿದ್ದಾರೆ. ಹೆಸರು, ಊರು ಯಾವುದನ್ನೂ ಹೇಳದೆ ಅವರನ್ನು ಕೇಳಿದೆ: ಕ್ಷಮಾದಾನ ಪಡೆದವನು ಮೊದಲಿನ ಹೇಳಿಕೆಯಲ್ಲಿ ಬಿಟ್ಟ ಮಾತನ್ನು ಆಮೇಲೆ ಹೇಳಿದರೆ ಏನಾಗುತ್ತದೆ?

“ಕಟಕಟೆಯಿಂದ ಇಳಿಯೋದರೊಳಗೆ ತಾನಾಗೇ ಹೇಳಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲಮ್ಮ” ಎಂದರು. “ಹೇಳಿದ್ದಕ್ಕೆಲ್ಲ ರಕ್ಷಣೆ ಇರುತ್ತೆ. ಕೊಲೆ ಮಾಡಿದೆ ಅಂದ್ರೂ ಇರುತ್ತೆ. ಇಲ್ಲದೆ ಇರೋದು ಮುಚ್ಚಿಟ್ಟದ್ದಕ್ಕೆ. ಅದನ್ನ ಬೇರೆ ಯಾರಾದ್ರೂ ಬಂದು ಹೇಳಿದ್ರೋ, ಕ್ಷಮಾದಾನ ಹೋಯ್ತು, ಮೊದಲಿನ ಮೊಕದ್ದಮೆ ವಾಪಸ್ ಬಂತು, ಸುಳ್ಳು ಸಾಕ್ಷಿಯದ್ದು ಮೇಲೊಂದು.” ಆಮೇಲೆ ಮಾತ್ರೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳುತ್ತ, “ಯಾರಮ್ಮ ಅದು, ನಿಮಗೆ ಬೇಕಾದವರಾ?” ಎಂದರು. ಕಥೆಯ ಪುಸ್ತಕದಲ್ಲಿ ಓದಿದೆನೆಂದೆ. ನಂಬಲಿಲ್ಲವೆಂದು ಕಾಣುತ್ತದೆ.

ನನಗೆ ಅರ್ಥವಾಗದ್ದು ಇಷ್ಟೇ. ನೀವು ನಿಜ ಹೇಳಿದರೆ ನಿಮಗೆ ಏನೂ ಆಗುವುದಿಲ್ಲ. ಗ್ರೀಸ್ ಮಾಮ ಮನೆಗೆ ಹೋಗುತ್ತಾನೆ. ಹೇಳದಿದ್ದರೆ ಅವನಿಗೆ ಏಳು ವರ್ಷವಾಗಬಹುದಂತೆ. ನಿಮಗೆ ಏನೂ ಕಳೆದುಹೋಗದ ಈ ಮಾತನ್ನು ಹೇಳಲು ನಿಮ್ಮನ್ನು ತಡೆಯುತ್ತಿರುವುದು ಯಾವುದು? ನಮೂನೆಯ ವಿಷಯವನ್ನು ದಯವಿಟ್ಟು ಮತ್ತೆ ಬರೆಯಬೇಡಿ.

ಪುಟ್ಟಿ


೯ ಏಪ್ರಿಲ್

ಮಗಳೇ,

ನೀನು ನೇರವಾಗಿ ಕೇಳಿದ್ದೀಯೆ. ಇಪ್ಪತ್ತು ದಿನ ಉತ್ತರಿಸದೆ ಇದ್ದುದಕ್ಕೆ ಕಾರಣ ಕೆಲಸದ ಒತ್ತಡವಲ್ಲ; ನನಗೆ ಕೆಲಸವೇ ಇಲ್ಲ.

ಫೆಬ್ರವರಿಯ ಆ ದಿನ, ಆದೇಶಕ್ಕಾಗಿ ಕಾಯುತ್ತ ನ್ಯಾಯಾಲಯದ ಪಡಸಾಲೆಯಲ್ಲಿ ನಿಂತಿದ್ದೆ. ಅಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಮೇಲೆ ಸತ್ತ ಹೆಂಗಸಿನ ತಾಯಿ ಕುಳಿತಿದ್ದಳು. ಮಗಳು ಮಾಡುತ್ತಿದ್ದ ಕೆಲಸವನ್ನೇ ಈಗ ಅವಳು ಮಾಡುತ್ತಿದ್ದಾಳೆ. ಕೈಬೆರಳುಗಳೆಲ್ಲ ಸೋಡಾದಿಂದ ಬಿಳುಚಿಕೊಂಡಿವೆ. ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟಳು. “ಕೂತ್ಕೊಳ್ಳಿ ಸ್ವಾಮಿ. ಪಾಪ, ನಿಮ್ಮನ್ನೂ ನಂಬಿಸಿ ಮೋಸ ಮಾಡಿದ್ರಂತಲ್ಲ” ಎಂದಳು. ಸರ್ಕಾರಿ ವಕೀಲರ ಗುಮಾಸ್ತ ಹಾಗೆ ಹೇಳಿದ್ದನಂತೆ. ನಾನು ಕುಳಿತುಕೊಂಡೆ. ಅಲ್ಲವೆನ್ನಬಹುದಾಗಿದ್ದ ಕ್ಷಣ ಅದು. ಒಂದು ಗಂಟೆಯ ಕಾಲ ಅವಳ ಪಕ್ಕದಲ್ಲಿ ಕುಳಿತಿದ್ದೆ.

ನಿಜ ಹೇಳಿದರೆ ನನಗೆ ಏನೂ ಆಗುವುದಿಲ್ಲವೆನ್ನುತ್ತೀಯೆ. ತಡೆಯುತ್ತಿರುವುದು ಅದೇ. ಎರಡು ವರ್ಷವೋ ಮೂರು ವರ್ಷವೋ ಶಿಕ್ಷೆಯಾಗುವುದಿದ್ದರೆ ಹೇಳಿ, ತಲೆತಗ್ಗಿಸಿ ಒಳಗೆ ಹೋಗುತ್ತಿದ್ದೆನೇನೋ. ಜನರಿಗೂ ಒಂದು ಸಮಾಧಾನ, ನನಗೂ ಒಂದು ಕೊನೆ. ಈಗಲಾದರೋ, ‘ಆತ ಬಂದು ಎಚ್ಚರಿಸಿದ್ದ, ಅಕ್ಷರ ಕೆಡುತ್ತದೆಂದು ನಾನು ತಿದ್ದಲಿಲ್ಲ’ ಎಂದು ಆ ತಾಯಿಯ ಎದುರಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಊಟದ ಹೊತ್ತಿಗೆ ಮನೆಗೆ ಬರಬೇಕು. ಮರುದಿನ ತರಕಾರಿ ತರಲು ಅದೇ ಬೀದಿಗೆ ಹೋಗಬೇಕು. ಇದು ನನ್ನಿಂದಾಗದು.

ನಾನು ಹೇಡಿಯೆಂದು ನಿನಗೆ ಅನ್ನಿಸಿದರೆ ಅದನ್ನು ಅಲ್ಲಗಳೆಯುವುದಿಲ್ಲ. ಮಗಳಾಗಿ ಒಂದು ಉಪಕಾರ ಮಾಡು: ಸುಮ್ಮನಿರು.

ಅಪ್ಪ


೨೪ ಏಪ್ರಿಲ್

ಅಪ್ಪನಿಗೆ,

ಸುಮ್ಮನಿರುವುದು ನನ್ನ ಕೈಯಲ್ಲಿ ಉಳಿದಿಲ್ಲ.

ಮೊನ್ನೆ ಗ್ರೀಸ್ ಮಾಮನ ಹೆಂಡತಿ ಬಂದಿದ್ದಳು. ಎಂಟು ಗಂಟೆ ಬಸ್ಸಿನಲ್ಲಿ ಬಂದವಳು ಔಷಧಾಲಯದ ಸಾಲಿನಲ್ಲಿ ನಿಂತಿದ್ದಾಳೆ, ಹಿಂದೆ ಹದಿನೈದು ಜನ. ಸರದಿ ಬಂದಾಗ ಚೀಟಿಗೆಂದು ಕೈಚಾಚಿದೆ. ಆಮೇಲೆ ಮುಖ ನೋಡಿದೆ.

“ಅತ್ತೆ! ನೀವಾ? ಒಳಗೆ ಬರಬಾರದಿತ್ತಾ?”

“ಒಳಗೆ ಕರೀತೀಯೋ ಇಲ್ವೋ ಅಂತ ಸಾಲಲ್ಲಿ ನಿಂತ್ಕೊಂಡೆ ಕಣೆ. ಸಾಲಲ್ಲಿ ನಿಂತೋರನ್ನ ಓಡಿಸೋಕಾಗಲ್ವಲ್ಲ.”

ಮನೆಗೆ ಕರೆದುಕೊಂಡು ಬಂದೆ. ಊಟ ಬೇಡವೆಂದಳು. ಮಾಮ ತಮ್ಮ ವಕೀಲರಿಗೆ ಆ ದಿನದ ಮಾತನ್ನೆಲ್ಲ ಹೇಳಿದ್ದಾನಂತೆ. ಸಾಕ್ಷಿ ಯಾರೆಂದು ವಕೀಲರು ಕೇಳಿದಾಗ ಮಾತ್ರ ಬಾಯಿ ಬಿಡಲಿಲ್ಲವಂತೆ. “‘ಪುಟ್ಟಮ್ಮ ಇತ್ತು, ಆದ್ರೆ ಆ ಮಗೂನ ಅಪ್ಪನ ಮೇಲೆ ಎತ್ತಿಕಟ್ಟೋಕೆ ನಾನು ಹುಟ್ಟಿಲ್ಲ’ ಅಂತ ನನ್ನ ಹತ್ರ ಅಂದ್ರು. ಅವರು ದೊಡ್ಡ ಮನುಷ್ಯರು, ನನಗೆ ದೊಡ್ಡತನ ಬೇಡ, ಗಂಡ ಬೇಕು. ಅದಕ್ಕೇ ಹೇಳದೆ ಬಂದೆ” ಎಂದಳು. ಆಮೇಲೆ ಕೇಳಿದಳು: “ನೀರು ಹುಯ್ದವಳು ನೀನೇ ತಾನೇ? ಹೌದು ಅಂದ್ರೆ ಹೌದು ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು. ನಾನು ಅಳೋದಿಲ್ಲ.”

ಹೌದೆಂದೆ, ಅಪ್ಪ.

ಸಾಕ್ಷಿ ಹೇಳಲು ಬರುವೆನೆಂದೂ ಹೇಳಿದೆ. ಮಾಮನ ಕಡೆಯ ಸಾಕ್ಷಿಗಳ ಸರದಿ ಬರುವುದು ಮೇ ಇಪ್ಪತ್ತರ ನಂತರ. ನಿಮ್ಮನ್ನು ವಿಚಾರಿಸುವುದು ಮೇ ಆರರಂದು. ನೀವು ಮೊದಲು ಹೇಳಿದರೆ ನಿಮಗಿರುವ ರಕ್ಷಣೆ ಉಳಿಯುತ್ತದೆ. ನೀವು ಹೇಳದೆ ನಾನೇ ಹೇಳುವ ಹಾಗಾದರೆ, ನನ್ನ ಬಾಯಿಂದಲೇ ನೀವು ಜೈಲಿಗೆ ಹೋಗುತ್ತೀರಿ. ಅದನ್ನು ತಿಳಿದೇ ಬರೆಯುತ್ತಿದ್ದೇನೆ. ಹೊಡೆದು ತಿದ್ದಿದ ಹಾಳೆಯನ್ನೇ ಕಳಿಸುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಮನ್ನಿಸಿ.

ನಿಮ್ಮ ಮಗಳು


೩೦ ಏಪ್ರಿಲ್

ನಿನ್ನ ಕಾಗದ ತಲುಪಿತು.

ನಿನ್ನ ಅಮ್ಮ ಕ್ಷೇಮ. ನಾನು ಓದಿ ಮೇಜಿನ ಮೇಲಿಟ್ಟಿದ್ದನ್ನು ಅವಳೂ ಓದಿದಳು. ಮಡಿಸಿ ಮತ್ತೆ ಅಲ್ಲಿಯೇ ಇಟ್ಟಳು.

ಅಪ್ಪ


೮ ಮೇ

ಮಗಳೇ,

ಹೇಳಿದೆ.

ಇನ್ನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸರ್ಕಾರಿ ವಕೀಲರು ಕಾರ್ಡುಗಳ ವಿಷಯ ಕೇಳಿದರು, ಉತ್ತರಿಸಿದೆ. “ಹಗ್ಗ ಸವೆದಿರುವುದನ್ನು ಎರಡನೆಯ ಆರೋಪಿ ನಿಮಗೆ ತಿಳಿಸಿರಲಿಲ್ಲ, ಅಲ್ಲವೇ?” ಎಂದು ಕೇಳಿದರು. ಅವರು ‘ಹೌದು’ ಎಂಬ ಉತ್ತರವನ್ನು ಆಗಲೇ ಬರೆದುಕೊಂಡಿದ್ದರೆಂದು ತೋರುತ್ತದೆ. ಕಣ್ಣು ಕಾಗದದ ಮೇಲೆಯೇ ಇತ್ತು. ನಾನು “ತಿಳಿಸಿದ್ದ” ಎಂದೆ. ಅವರು ತಲೆಯೆತ್ತಿದರು. ಜಗಲಿಯ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ, ನಾವು ನಕ್ಕದ್ದನ್ನೂ ಬಿಡದೆ.

ನ್ಯಾಯಾಧೀಶರು, “ಮೊದಲಿನ ಹೇಳಿಕೆಯಲ್ಲಿ ಯಾಕೆ ಮುಚ್ಚಿಟ್ರಿ?” ಎಂದು ಕೇಳಿದರು.

“ಮರ್ಯಾದೆಗೆ ಅಂಜಿ, ಸ್ವಾಮಿ.”

“ಈಗ?”

“ಮಗಳಿಗೆ ಅಂಜಿ” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ನೀನು ಆ ಕಾಗದ ಬರೆಯದಿದ್ದರೂ ಹೇಳುತ್ತಿದ್ದೆನೇ ಎಂದು ಕೇಳಬೇಡ. ನನಗೆ ತಿಳಿಯದು.

ಅರ್ಧ ಗಂಟೆ ಚರ್ಚೆ ನಡೆಯಿತು. ಸಾಕ್ಷ್ಯ ಮುಗಿಯುವ ಮೊದಲೇ ಸಂಪೂರ್ಣ ಸಂಗತಿಯನ್ನು ತಾನಾಗಿ ತಿಳಿಸಿರುವುದರಿಂದ ಕ್ಷಮಾದಾನ ಊರ್ಜಿತವೆಂದು ಬರೆಸಿದರು. ಮೆಕ್ಯಾನಿಕ್‌ಗೆ ಸಂಜೆಯೊಳಗೆ ಜಾಮೀನಾಯಿತು. ಅವನ ಮೇಲಿನ ಆರೋಪ ಇನ್ನು ನಿಲ್ಲದೆಂದು ಅವನ ವಕೀಲರು ಹೇಳುತ್ತಾರೆ. ನೀನು ಬರಬೇಕಾಗಿಲ್ಲವಂತೆ.

ಹೊರಗೆ ಅವನು ಎದುರಾದ. ಬಹಳ ಇಳಿದುಹೋಗಿದ್ದಾನೆ. ಕೈಗಳಲ್ಲಿ ಗ್ರೀಸಿರಲಿಲ್ಲ, ಆ ಕೈಗಳನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. “ತಪ್ಪಾಯಿತಯ್ಯಾ” ಎಂದೆ. “ಆಯ್ತು ಬಿಡಿ ಸಾಹೇಬ್ರೇ” ಎಂದ. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, “ಇನ್ಮೇಲೆ ನಿಮ್ಮ ಹತ್ರ ಬಾಯಲ್ಲಿ ಏನೂ ಹೇಳಲ್ಲ. ಹೊಟ್ಟೆ ಹಸಿದ್ರೂ ಬರೆದು ಕೊಟ್ಟು, ಸಹಿ ಹಾಕಿಸ್ಕೋತೀನಿ” ಎಂದ. ತಮಾಷೆಯೆಂದುಕೊಂಡೆ. ಮುಖದಲ್ಲಿ ನಗೆಯಿರಲಿಲ್ಲ.

ಬಸ್ಸಿನ ತಂಗುದಾಣದಲ್ಲಿ ಆ ತಾಯಿಯಿದ್ದಳು. ತಪ್ಪಿಸಿಕೊಂಡು ಹೋಗಬಹುದಾಗಿತ್ತು, ಹೋಗಲಿಲ್ಲ. ಅವಳು ನನ್ನನ್ನು ಬಹಳ ಹೊತ್ತು ನೋಡಿ, “ಹಾಗಾದ್ರೆ ನಿಮಗೆ ಎಷ್ಟು ವರ್ಷ?” ಎಂದು ಕೇಳಿದಳು.

“ಏನೂ ಇಲ್ಲಮ್ಮ.”

ಕಿವಿಗೆ ಬೀಳಲಿಲ್ಲವೇನೋ ಎಂಬಂತೆ ಹತ್ತಿರ ಬಂದಳು. ಮತ್ತೆ ಹೇಳಿದೆ. ನನಗೆ ಕ್ಷಮಾದಾನವಾಗಿದೆಯೆಂದು, ಹೇಳಿದ ಯಾವ ಮಾತಿಗೂ ನನ್ನನ್ನು ಶಿಕ್ಷಿಸುವಂತಿಲ್ಲವೆಂದು, ಆದಷ್ಟು ಸರಳವಾಗಿ ತಿಳಿಸಿದೆ.

“ಯಾರು ಕ್ಷಮಿಸಿದ್ದು?”

“ನ್ಯಾಯಾಲಯ.”

“ಅವರದ್ದೇನು ಹೋಗಿತ್ತು?” ಎಂದಳು.

ಮಗಳೇ, ಅವಳು ಬೈಯಲೆಂದು ಆ ಮಾತನ್ನು ಆಡಲಿಲ್ಲ. ತಿಳಿಯದೆ ಕೇಳಿದಳು; ನಾನು ಓದಿದವನು, ಹೇಳುವೆನೆಂದು ಕಾದಳು. ಅವಳ ಬಸ್ಸು ಬಂತು, ಹತ್ತಲಿಲ್ಲ. ಮುಂದಿನದು ಬರಲು ನಲವತ್ತು ನಿಮಿಷ. ಅಷ್ಟು ಹೊತ್ತೂ ಇಬ್ಬರೂ ನಿಂತಿದ್ದೆವು. ಆಮೇಲೆ ಅವಳು ಬಸ್ಸು ಹತ್ತಿ ಹೋದಳು, ನಾನು ನಡೆದುಕೊಂಡು ಮನೆಗೆ ಬಂದೆ. ನಿನ್ನ ಅಮ್ಮ ತಟ್ಟೆ ಹಾಕಿದಳು. ಊಟ ಮಾಡಿದೆ.

ಕ್ಷಮಿಸೆಂದು ನಿನ್ನನ್ನು ಕೇಳಲು ಈ ಕಾಗದವನ್ನು ಆರಂಭಿಸಿದ್ದೆ. ಈಗ ಹೇಗೆ ಕೇಳಬೇಕೆಂದು ತಿಳಿಯುತ್ತಿಲ್ಲ.

ಅಪ್ಪ


೧೩ ಮೇ

ಅಪ್ಪನಿಗೆ ನಮಸ್ಕಾರ.

ಕೇಳಬೇಡಿ. ನಾನು ಕ್ಷಮಿಸಿದೆನೆಂದು ಬರೆದರೂ ಆ ತಾಯಿ ನನ್ನನ್ನೂ ಅದೇ ಮಾತು ಕೇಳುತ್ತಾಳೆ. ನನ್ನದೇನು ಹೋಗಿತ್ತು?

ನ್ಯಾಯಾಲಯಕ್ಕೆ ಬರಬೇಕಾಗಿ ಬಂದಿದ್ದರೆ ಬರುತ್ತಿದ್ದೆ, ಹೇಳುತ್ತಿದ್ದೆ. ಇದು ನಿಮಗೆ ತಿಳಿದಿರಲಿ. ಬರಬೇಕಾಗಿಲ್ಲವೆಂದು ಓದಿದಾಗ ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದಿದೆ, ಅದೂ ತಿಳಿದಿರಲಿ.

ಶನಿವಾರ ಮಗುವನ್ನು ಕರೆದುಕೊಂಡು ಬರುತ್ತೇನೆ. ಮೊದಲು ಗ್ರೀಸ್ ಮಾಮನ ಮನೆಗೆ ಹೋಗುತ್ತೇನೆ, ಆಮೇಲೆ ನಮ್ಮ ಮನೆಗೆ. ನೀವು ಬಸ್ಸಿನ ತಂಗುದಾಣಕ್ಕೆ ಬರುವುದಾದರೆ ಬನ್ನಿ. ಅಲ್ಲಿ ಆ ತಾಯಿಯೂ ಇದ್ದರೆ, ನನ್ನನ್ನು ಕಂಡ ಕೂಡಲೆ ಹೊರಟುಬಿಡಬೇಡಿ. ಅವಳ ಬಸ್ಸು ಬರುವವರೆಗೆ ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ಪುಟ್ಟಿ